ಜೂನ್ ಒಂದು ಎಂದು ಬರೆಸಿದ ಹೆಡ್ಮಾಷ್ಟ್ರು

ನಮ್ಮ ಹೆಡ್ಮಾಷ್ಟ್ರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಶಿಕ್ಷಕರ ವಾಟ್ಸಾಪ್ ಗುಂಪಿನಿಂದ. ನ್ಯಾಮತಿಯ ಶಾಲೆಯಲ್ಲಿ ಆರನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಮೇಜಿನ ಮೇಲಿಟ್ಟ ಫೋನು ಒಂದೇ ಸಮನೆ ಗುರ್ರೆನ್ನುತ್ತಿತ್ತು. ತೆಗೆದು ನೋಡಿದರೆ ಚನ್ನಗಿರಿಯ ಯಾರೋ ಅವರ ನಿವೃತ್ತಿಯ ದಿನದ ಫೋಟೋ ಹಾಕಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಒಬ್ಬರು ‘ಶಿಸ್ತಿಗೆ ಇನ್ನೊಂದು ಹೆಸರು’ ಎಂದು ಬರೆದಿದ್ದರು. ಇನ್ನೊಬ್ಬರು ‘ಕೊನೆಗಾಲದಲ್ಲಿ ಸ್ವಲ್ಪ ಹೆಸರು ಕೆಡಿಸಿಕೊಂಡರು, ಆದರೂ ದೊಡ್ಡ ಮನುಷ್ಯ’ ಎಂದು ಬರೆದು, ಒಂದು ನಿಮಿಷ ಬಿಟ್ಟು ಅದನ್ನು ಅಳಿಸಿದರು. ಅಳಿಸುವ ಮೊದಲೇ ನಾನು ಓದಿದ್ದೆ. ಅವರ ಹೆಸರು ಕೆಟ್ಟದ್ದು ಹೇಗೆಂಬುದು ಆ ಗುಂಪಿನಲ್ಲಿ ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬರಹದಲ್ಲಿ ಬರುವ ಹುಡುಗನ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ, ಸತ್ತ ಹುಡುಗನ ಹೆಸರು ಬರೆಯಲು ನನ್ನ ಕೈ ಬರುವುದಿಲ್ಲ. ಅವರಿಬ್ಬರ ಹೆಸರಿಲ್ಲದ ಕಡೆ ಮೇಷ್ಟ್ರದ್ದೊಂದು ಯಾಕೆ?

ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಆಚೆ, ಕುರಿ ಕಾಯುವವರ ಒಂದು ಹಟ್ಟಿಯ ಶಾಲೆ ನನ್ನ ಮೊದಲ ನೌಕರಿಯ ಜಾಗ. ಅಲ್ಲಿ ಅವರು ಹೆಡ್ಮಾಷ್ಟ್ರು. ಅವರದು ಚನ್ನಗಿರಿ, ಸಂಸಾರವೆಲ್ಲ ಅಲ್ಲೇ. ಬಿಳಿಚೋಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ವಾರವೆಲ್ಲ ಅಲ್ಲಿದ್ದು, ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತುತ್ತಿದ್ದರು. ಎತ್ತರದ ಸಣಕಲು ಆಳು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕನ್ನಡಕದ ಒಂದು ಕಡ್ಡಿಗೆ ದಾರದ ಸುತ್ತು. ಕುರ್ಚಿಯಲ್ಲಿ ಕೂತು ಬರೆದದ್ದನ್ನು ನಾನು ನೋಡಿಯೇ ಇಲ್ಲ. ಯಾವ ರಿಜಿಸ್ಟರಾದರೂ ನಿಂತುಕೊಂಡೇ, ಮೇಜಿನ ಮೇಲೆ ಬಾಗಿ, ಉಸಿರು ಹಿಡಿದವರಂತೆ ಬರೆಯುತ್ತಿದ್ದರು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುವಾಗ ‘ದಾಖಲಾಯ್ತು’ ಎನ್ನುತ್ತಿದ್ದರು. ಮನೆಯ ಮಾತಿಗೂ ಅದೇ. ಮಗಳ ಮದುವೆ ಗೊತ್ತಾದ ಸುದ್ದಿ ಹೇಳಿದಾಗಲೂ ಕೊನೆಯಲ್ಲಿ ‘ದಾಖಲಾಯ್ತು ಮೇಡಂ’ ಎಂದೇ ಅಂದಿದ್ದರು.

ತಿದ್ದಿ ಬರೆಯುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಅಂಕಿಯ ಮೇಲೆ ಇನ್ನೊಂದು ಅಂಕಿ ಎಳೆದಿದ್ದಕ್ಕೆ ನನ್ನಿಂದ ಇಡೀ ಪುಟ ಮತ್ತೆ ಬರೆಸಿದ್ದುಂಟು. ನಾನು ಮುಖ ಸಣ್ಣ ಮಾಡಿಕೊಂಡಿದ್ದನ್ನು ನೋಡಿ, “ಕಾಗದದ ಮ್ಯಾಲೆ ಬಿದ್ದ ಅಕ್ಷರ ಆಮೇಲೆ ನಮ್ಮ ಮಾತು ಕೇಳಲ್ಲ ರೀ ಮೇಡಂ,” ಅಂದಿದ್ದರು. ಆಗ ಇಪ್ಪತ್ತೆಂಟು ವರ್ಷದವಳು ನಾನು. ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೆ.

ಇಷ್ಟು ಕಟ್ಟುನಿಟ್ಟಿನವರ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಹುಟ್ಟಿದ ದಿನ ಜೂನ್ ಒಂದು. ಹಟ್ಟಿಯ ತಾಯಂದಿರಿಗೆ ಮಕ್ಕಳು ಹುಟ್ಟಿದ ಹಬ್ಬ ನೆನಪಿರುತ್ತಿತ್ತು, ಮಳೆ ನೆನಪಿರುತ್ತಿತ್ತು, ತಾರೀಖು ಇರುತ್ತಿರಲಿಲ್ಲ. ರಿಜಿಸ್ಟರಿಗೆ ಹಬ್ಬ ಬೇಡ, ತಾರೀಖು ಬೇಕು. ಇದು ಅವರೊಬ್ಬರೇ ಮಾಡಿದ್ದಲ್ಲ, ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಹೀಗೇ ನಡೆದಿದೆ. ನನ್ನ ತಾಯಿಯ ಹುಟ್ಟಿದ ದಿನವೂ ಜೂನ್ ಒಂದೇ. ಆ ದಿನ ಮೇಷ್ಟ್ರು ಬಿಳಿಚೋಡಿನಿಂದ ಒಂದು ಪೊಟ್ಟಣ ಪೆಪ್ಪರ್‌ಮೆಂಟು ತಂದು ಎಲ್ಲರಿಗೂ ಹಂಚಿ, “ಇವತ್ತು ಇಡೀ ಶಾಲೆ ಹುಟ್ಟಿದ ದಿನ ಕಣ್ರೋ,” ಎನ್ನುತ್ತಿದ್ದರು. ಮಕ್ಕಳು ಅದನ್ನು ನಂಬಿದ್ದವು.

ಪೇಪರು ಅವರಿಗೆ ಊಟಕ್ಕಿಂತ ಹೆಚ್ಚು. ಪತ್ರಿಕೆಗೆ ಓದುಗರ ಪತ್ರ ಬರೆಯುವ ಚಟವೂ ಇತ್ತು. ಯಾವುದೋ ದೊಡ್ಡ ಊರಿನಲ್ಲಿ ಹದಿನೇಳರ ಹುಡುಗನೊಬ್ಬ ಘೋರವಾದ ಕೊಲೆ ಮಾಡಿ, ಅಪ್ರಾಪ್ತನೆಂದು ಸ್ವಲ್ಪದರಲ್ಲೇ ಬಿಡುಗಡೆಯಾಗುವ ಸುದ್ದಿ ಬಂದಾಗ ಅವರು ಬರೆದ ಪತ್ರ ಅಚ್ಚಾಯಿತು. ಕೊಲ್ಲುವ ಕೈ ಬಲಿತಿದ್ದರೆ ಜೈಲಿಗೆ ನಡೆಯುವ ಕಾಲೂ ಬಲಿತಿರುತ್ತದೆ, ಅಂಥವನಿಗೆ ಜೀವಾವಧಿಯೇ ಆಗಬೇಕು ಎಂದು ಬರೆದಿದ್ದರು. ಆ ಪತ್ರವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಒಂದರಿಂದ ಏಳನೇ ತರಗತಿಯ ಮಕ್ಕಳಿಗೆ ಓದಿ ಹೇಳಿದರು. ಮೂರನೇ ತರಗತಿಯ ಒಂದು ಹುಡುಗಿ ಕೈಯೆತ್ತಿ, ಜೀವಾವಧಿ ಎಂದರೆ ಎಷ್ಟು ದಿನ ಸಾ, ಎಂದು ಕೇಳಿತು. ಅವರು ಸ್ವಲ್ಪ ಯೋಚಿಸಿ, ನಿನ್ನ ಕೂದಲು ನನ್ನ ಹಾಗೆ ಬೆಳ್ಳಗಾಗುವ ತನಕ ಎಂದರು. ಹುಡುಗಿ ಜಡೆ ಮುಟ್ಟಿ ನೋಡಿಕೊಂಡಿತು. ನಾನು ನಗು ತಡೆಯಲಾರದೆ ಒಳಗೆ ಹೋದೆ.

ಅದೇ ತಿಂಗಳು ಏಳನೇ ತರಗತಿಯ ಒಬ್ಬ ಹುಡುಗ ಪಕ್ಕದವನ ಅಂಗೈಗೆ ಕೈವಾರದ ಮುಳ್ಳು ಚುಚ್ಚಿದ. ಆಟದ ಜಗಳವಲ್ಲ, ಸಿಟ್ಟಿಟ್ಟುಕೊಂಡು ಚುಚ್ಚಿದ್ದು. ಮುಳ್ಳು ಆಚೆ ಬದಿ ಬಂದಿತ್ತು. ನಾನು ಹೆಸರು ತೆಗೆದುಹಾಕಿ ಎಂದೆ. ಮೇಷ್ಟ್ರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹದಿನೈದು ದಿನ ಚುಚ್ಚಿದವನನ್ನು ಕರೆದುಕೊಂಡು ಗಾಯಗೊಂಡವನ ಮನೆಗೆ ಹೋದರು. ಅವನ ಕೈಯಿಂದಲೇ ಗಾಯ ತೊಳೆಸಿದರು, ಮುಲಾಮು ಹಚ್ಚಿಸಿದರು, ಬಟ್ಟೆ ಕಟ್ಟಿಸಿದರು. ಮೊದಲ ಎರಡು ದಿನ ಗಾಯಗೊಂಡವನ ಅಪ್ಪ ಬಾಗಿಲಲ್ಲೇ ಉಗಿದ. ಇವರು ಒರೆಸಿಕೊಂಡು ಒಳಗೆ ಹೋದರು. ಪತ್ರಿಕೆಯಲ್ಲಿ ಹಾಗೆ ಬರೆದು ಇಲ್ಲಿ ಹೀಗೆ ಮಾಡುತ್ತೀರಲ್ಲ ಸರ್ ಎಂದು ನಾನು ಕೇಳಿದೆ.

“ಪೇಪರಿಗೆ ಬರೆಯೋದು ದೇಶಕ್ಕೆ ರೀ. ಇವನು ನಮ್ಮ ಹುಡುಗ,” ಅಂದರು.

ಆ ಮಾತು ನನಗೆ ಆಗ ಬಹಳ ಚೆನ್ನಾಗಿ ಕಂಡಿತ್ತು. ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ ಕೂಡ. ಹೇಳುವವರು ಯಾವ ಕಡೆ ನಿಂತಿದ್ದಾರೆ ಎನ್ನುವುದರ ಮೇಲೆ ಆ ಮಾತು ಎಷ್ಟು ಬೇರೆಯಾಗುತ್ತದೆಂದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ನಾನು ಅಲ್ಲಿಗೆ ಹೋದ ಎರಡನೇ ವರ್ಷ, ಜೂನ್ ಮೊದಲ ವಾರ, ಹಟ್ಟಿಯ ಹೆಂಗಸೊಬ್ಬಳು ಮಗನ ಕೈ ಹಿಡಿದು ಬಂದಳು. ದಾಖಲಾತಿ ರಿಜಿಸ್ಟರು ನನ್ನ ಮುಂದಿತ್ತು. ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ದೀಪಾವಳಿಯಾಗಿ ಎಂಟು ದಿನಕ್ಕೆ ಹುಟ್ಟಿದ್ದು, ಈಗ ಬರುವ ದೀಪಾವಳಿಗೆ ಐದು ತುಂಬುತ್ತವೆ ಎಂದಳು. ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಲೆಕ್ಕ ಹಾಕಿದರೆ ನಾಲ್ಕು ವರ್ಷ ಏಳು ತಿಂಗಳು. ಒಂದನೇ ತರಗತಿಗೆ ಸಾಲುವುದಿಲ್ಲ, ಮುಂದಿನ ವರ್ಷ ಕರೆದುಕೊಂಡು ಬಾ ಎಂದೆ. ಮೇಷ್ಟ್ರು ಅಲ್ಲೇ ನಿಂತಿದ್ದರು.

“ಮುಂದಿನ ವರ್ಷಕ್ಕೆ ಇವನು ಕುರಿ ಹಿಂದೆ ಯಾವ ಊರಾಗಿರ್ತಾನೋ. ಆರು ತುಂಬಿದಂಗೆ ಬರಕೊಳ್ರಿ. ಜೂನ್ ಒಂದು.”

ನಾನು ಬರೆದೆ. ಅವರು ಸಹಿ ಹಾಕಿದರು. ಹುಡುಗ ಒಂದು ವರ್ಷ ಐದು ತಿಂಗಳು ದೊಡ್ಡವನಾದ. ಇದರಲ್ಲಿ ನನ್ನದೂ ಒಂದು ಸ್ವಾರ್ಥವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ವರ್ಷ ಮಕ್ಕಳ ಸಂಖ್ಯೆ ಇಳಿದರೆ ಶಾಲೆಯ ಒಂದು ಹುದ್ದೆ ಹೋಗುತ್ತಿತ್ತು, ಎಲ್ಲಿಗೋ ಎತ್ತಂಗಡಿಯಾಗಬೇಕಾದವಳು ನಾನು. ಮೇಷ್ಟ್ರು ಹೇಳದಿದ್ದರೂ ನಾನೇ ಹಾಗೆ ಬರೆಯುತ್ತಿದ್ದೆನೋ ಏನೋ.

ಆ ಹುಡುಗನ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಮಧ್ಯಾಹ್ನದ ಊಟದ ತಟ್ಟೆಯನ್ನು ಎಲ್ಲರಿಗಿಂತ ಮೊದಲು ತೊಳೆದಿಡುತ್ತಿದ್ದ. ಮಾತು ಇಲ್ಲವೇ ಇಲ್ಲ ಎನ್ನಬೇಕು. ಬಯ್ದರೆ ಅಳುತ್ತಿರಲಿಲ್ಲ, ಕಿವಿ ಕೆಂಪಗಾಗುತ್ತಿತ್ತು. ಅಷ್ಟೇ. ಅವನು ಐದನೇ ತರಗತಿಗೆ ಬರುವ ಹೊತ್ತಿಗೆ ನನಗೆ ನ್ಯಾಮತಿಗೆ ವರ್ಗವಾಯಿತು. ಮೇಷ್ಟ್ರು ನಿವೃತ್ತರಾಗಿ ಚನ್ನಗಿರಿಗೆ ಹೋದರು. ಹಟ್ಟಿಯನ್ನು ನಾನು ಮರೆತೆ.

ನನ್ನ ತಂಗಿಯನ್ನು ಕೊಟ್ಟಿದ್ದು ಹೊನ್ನಾಳಿಗೆ. ಅವಳ ಗಂಡನಿಗೆ ಗೊಬ್ಬರದ ಅಂಗಡಿ. ಒಬ್ಬನೇ ಮಗ, ಎರಡನೇ ಪಿಯುಸಿ. ನನಗೆ ಮಕ್ಕಳಿಲ್ಲ, ಅವನು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡವಳು ನಾನು. ರಜೆಗೆ ನಮ್ಮ ಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ನಿಂತು ತಿನ್ನುತ್ತಿದ್ದ. ಬೈಕಿನ ಹುಚ್ಚು ಬಹಳ. ಒಳ್ಳೆಯ ಹುಡುಗ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಎಲ್ಲ ಹುಡುಗರ ಹಾಗೆ ಒಬ್ಬ ಹುಡುಗ.

ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಟೈರು ಪಂಕ್ಚರಿನ ಅಂಗಡಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಹಟ್ಟಿಯ ಆ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಟಿ.ಸಿ.ಯಲ್ಲಿ ವಯಸ್ಸು ಹದಿನೈದು ತುಂಬಿತ್ತಾದ್ದರಿಂದ ಅಂಗಡಿಯವನೂ ಹೆದರದೆ ಇಟ್ಟುಕೊಂಡ. ನನ್ನ ತಂಗಿಯ ಮಗನ ಬೈಕಿನ ಚಕ್ರಕ್ಕೆ ಇವನು ಹಾಕಿದ ಪಂಕ್ಚರು ಅರ್ಧ ದಾರಿಗೆ ಬಿಟ್ಟುಕೊಂಡಿತು. ನನ್ನ ತಂಗಿಯ ಮಗ ಮೂರು ಜನ ಗೆಳೆಯರ ಜೊತೆ ವಾಪಸು ಬಂದು, ಅಂಗಡಿಯ ಮುಂದೆ ಇವನಿಂದ ಬಸ್ಕಿ ಹೊಡೆಸಿ, ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ. ಆ ವಿಡಿಯೋವನ್ನು ನಾನು ಒಂದೇ ಸಲ ನೋಡಿದೆ. ಇವನ ಕಿವಿಗಳು ಕೆಂಪಗಿದ್ದವು. ನನ್ನ ತಂಗಿಯ ಮಗ ಎಣಿಸುತ್ತಾ ನಗುತ್ತಿದ್ದ. ಅದು ಕೆಟ್ಟ ಕೆಲಸ, ಒಪ್ಪಿದೆ. ಅದಕ್ಕೆ ಎರಡು ಏಟು ಕೊಡಬಹುದಿತ್ತು, ಮನೆಗೆ ಬಂದು ಹೇಳಿದ್ದರೆ ನಾನೇ ಕೊಡುತ್ತಿದ್ದೆ. ಸಾಯಿಸುವ ತಪ್ಪಲ್ಲ ಅದು.

ಮೂರನೇ ದಿನ, ಸಂಜೆ ನಾಲ್ಕು ಗಂಟೆಗೆ, ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಇವನು ಹಿಂದಿನಿಂದ ಬಂದು ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯಿಂದ ನನ್ನ ತಂಗಿಯ ಮಗನ ತಲೆಗೆ ಹೊಡೆದ. ಬಿದ್ದ ಮೇಲೂ ಎರಡು ಸಲ ಹೊಡೆದ. ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲಿ ನಮ್ಮ ಹುಡುಗನ ಉಸಿರು ನಿಂತಿತು. ಹೊಡೆದವನು ಎಲ್ಲೂ ಓಡಲಿಲ್ಲವಂತೆ. ಅಂಗಡಿಗೆ ವಾಪಸು ಹೋಗಿ ಪಟ್ಟಿಯನ್ನು ತೊಳೆದಿಟ್ಟು ಕೂತಿದ್ದನಂತೆ.

ಅವನು ಯಾವ ಊರಿನವನೆಂದು ಪೊಲೀಸರಿಂದ ತಿಳಿದಾಗ ನಾನು ತಂಗಿಯ ಮನೆಯ ನಡುಮನೆಯಲ್ಲಿದ್ದೆ. ಹಟ್ಟಿಯ ಹೆಸರು ಕೇಳಿದೆ, ತಾಯಿಯ ಹೆಸರು ಕೇಳಿದೆ. ರಿಜಿಸ್ಟರಿನ ಆ ಪುಟ, ಅದರಲ್ಲಿನ ನನ್ನ ದುಂಡು ಅಕ್ಷರ ಕಣ್ಣಿಗೆ ಕಟ್ಟಿತು. ಎದ್ದು ಹಿತ್ತಲಿಗೆ ಹೋಗಿ ಬೆರಳು ಮಡಿಸಿ ಎಣಿಸಿದೆ. ದಾಖಲೆಯ ಪ್ರಕಾರ ಹದಿನಾರು ವರ್ಷ ಮೂರು ತಿಂಗಳು. ಅವನ ತಾಯಿಯ ಪ್ರಕಾರ ಹದಿನೈದು ತುಂಬಲು ಇನ್ನೂ ಎರಡು ತಿಂಗಳು.

ಇದರಿಂದ ಏನು ವ್ಯತ್ಯಾಸವೆಂದು ಆಮೇಲೆ ವಕೀಲರು ಬಿಡಿಸಿ ಹೇಳಿದರು. ಹದಿನಾರು ತುಂಬಿದ್ದರೆ, ಬಾಲನ್ಯಾಯ ಮಂಡಳಿ ಅವನನ್ನು ಪರೀಕ್ಷಿಸಿ ದೊಡ್ಡವರಂತೆಯೇ ವಿಚಾರಣೆಗೆ ಕಳಿಸಬಹುದು; ಆಗ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಮುಂದೆ ಎಂದಾದರೂ ಬಿಡುಗಡೆಯ ಬಾಗಿಲು ಇರುತ್ತದೆ, ಆದರೆ ಜೀವಾವಧಿಯೇ. ಹದಿನಾರು ತುಂಬಿರದಿದ್ದರೆ ಹೆಚ್ಚೆಂದರೆ ಮೂರು ವರ್ಷ, ಅದೂ ಮಕ್ಕಳ ಗೃಹದಲ್ಲಿ. ಊರಿನಲ್ಲಿ ಮೆರವಣಿಗೆಯಾಯಿತು. ಕಾಲೇಜಿನ ಹುಡುಗರು ಗಲ್ಲು ಬೇಕೆಂದು ಫಲಕ ಹಿಡಿದು ನಡೆದರು. ಬಸ್ಕಿಯ ವಿಡಿಯೋ ಹಿಡಿದ ಗೆಳೆಯನೂ ಅದರಲ್ಲಿದ್ದ.

ತಂಗಿ ನನ್ನ ಕೈ ಹಿಡಿದು ಕೇಳಿದಳು. “ಅಕ್ಕಾ, ಅವನು ಮೂರು ವರ್ಷಕ್ಕೆ ಬರ್ತಾನಂತೆ. ನನ್ನ ಮಗ ಎಷ್ಟು ವರ್ಷಕ್ಕೆ ಬರ್ತಾನೆ?”

ಆ ಹುಡುಗನ ಪರ ಸರ್ಕಾರ ಕೊಟ್ಟ ವಕೀಲರು ತಾಯಿಯ ದೀಪಾವಳಿಯ ಮಾತನ್ನು ಹಿಡಿದುಕೊಂಡರು. ವಯಸ್ಸಿನ ವಿಚಾರಣೆಗೆ ಮೇಷ್ಟ್ರಿಗೂ ನನಗೂ ಸಮನ್ಸ್ ಬಂತು. ಅದು ಬಂದ ವಾರ, ಭಾನುವಾರ ಬೆಳಿಗ್ಗೆ, ಮೇಷ್ಟ್ರು ನ್ಯಾಮತಿಯ ನನ್ನ ಮನೆಗೆ ಬಂದರು. ಚನ್ನಗಿರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಬಹಳ ಇಳಿದುಹೋಗಿದ್ದರು. ನನ್ನ ತಂಗಿಯ ಮಗನ ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಬಿಟ್ಟಿದ್ದೆ. ಅದರ ಮುಂದೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಚಹಾ ಕೊಟ್ಟೆ, ಮುಟ್ಟಲಿಲ್ಲ.

“ಮೇಡಂ, ನಾನು ಇದ್ದದ್ದು ಇದ್ದಂಗೆ ಹೇಳ್ತೀನಿ. ಅಂದಾಜಿನ ಮ್ಯಾಲೆ ನಾನೇ ಬರೆಸಿದೆ ಅಂತ. ನಿಮ್ಮನ್ನ ಕೇಳಿದ್ರೆ ನೀವೂ ಅಷ್ಟೇ ಹೇಳ್ರಿ. ನಿಮ್ಮ ಮ್ಯಾಲೆ ಏನೂ ಬರಾಕೆ ಬಿಡಲ್ಲ.”

ನನಗೆ ಮೈಯೆಲ್ಲ ಉರಿಯಿತು. ನೀವೇ ಪತ್ರಿಕೆಗೆ ಬರೆದವರಲ್ಲವೇ ಸರ್, ಇಂಥವರಿಗೆ ಜೀವಾವಧಿಯೇ ಆಗಬೇಕೆಂದು ಮಕ್ಕಳ ಮುಂದೆ ಓದಿ ಹೇಳಿದವರಲ್ಲವೇ ಎಂದೆ.

“ಬರೆದಿದ್ದೆ. ಆವಾಗ ನನ್ನ ಕಣ್ಣಮುಂದೆ ಯಾವ ಹುಡುಗನ ಮುಖಾನೂ ಇರ್ಲಿಲ್ಲ.”

“ನನ್ನ ಕಣ್ಣಮುಂದೆ ಈಗ ಐತೆ ಸರ್. ನೋಡ್ರಿ, ಗೋಡೆ ಮ್ಯಾಲೆ ಐತೆ.”

ಅವರು ತಲೆ ತಗ್ಗಿಸಿದರು. ಅವನಿಗೆ ಶಿಕ್ಷೆಯೇ ಬೇಡ ಎಂದು ತಾನು ಹೇಳುತ್ತಿಲ್ಲ, ಎಷ್ಟಾದರೂ ಆಗಲಿ, ಆದರೆ ನಾವಿಬ್ಬರೂ ಸೇರಿ ಬರೆದ ಸುಳ್ಳಿನ ಮೇಲೆ ಆಗುವುದು ಬೇಡ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಇಬ್ಬರೂ ನಮ್ಮ ಹುಡುಗರೇ ತಂಗಿ,” ಅಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ತಂಗಿ ಎಂದದ್ದು ಅದೊಂದೇ ಸಲ. ಆ ಒಂದು ಮಾತಿಗೇ ಅವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ನಿಮ್ಮ ಮನೆಯವರು ಯಾರೂ ಸತ್ತಿಲ್ಲ ಸರ್ ಎಂದು ಬಾಗಿಲು ಹಾಕಿಕೊಂಡೆ. ಈಗಲೂ ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಸತ್ಯ ಹೇಳುವುದು ಅವರಿಗೆ ನನಗಿದ್ದಷ್ಟು ಕಷ್ಟದ್ದಾಗಿರಲಿಲ್ಲ.

ವಿಚಾರಣೆಯ ಕೋಣೆ ಸಣ್ಣದು, ಕೋರ್ಟಿನ ಕಟಕಟೆಯೂ ಇರಲಿಲ್ಲ. ಮೇಷ್ಟ್ರನ್ನು ಮೊದಲು ಕೇಳಿದರು. ಅವರು ನಿಂತುಕೊಂಡೇ ಹೇಳಿದರು: ತಾಯಿ ದೀಪಾವಳಿ ಎಂದಿದ್ದಳು, ವಯಸ್ಸು ಸಾಲುತ್ತಿರಲಿಲ್ಲ, ಹುಡುಗ ಶಾಲೆಗೆ ಬರಲೆಂದು ತಾನೇ ಜೂನ್ ಒಂದು ಎಂದು ಬರೆಸಿದೆ, ಬರೆದ ಶಿಕ್ಷಕಿ ತನ್ನ ಮಾತಿನಂತೆ ನಡೆದುಕೊಂಡರಷ್ಟೇ. ನಮ್ಮ ಕಡೆಯ ವಕೀಲರು ರಿಜಿಸ್ಟರು ತೋರಿಸಿ ಸಹಿ ನಿಮ್ಮದೇ ತಾನೇ ಎಂದು ಕೇಳಿದರು. ನನ್ನದೇ ಎಂದರು. ಹಾಗಾದರೆ ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದಿರಾ ಎಂದರು. ಹೌದು ಎಂದರು. ಆ ವರ್ಷ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ, ಇನ್ನೊಬ್ಬರ ತಾಯಿ ಯಾವ ಹಬ್ಬ ಹೇಳಿದ್ದಳು ಎಂದು ಕೇಳಿದರು. ನೆನಪಿಲ್ಲ ಎಂದರು. ಬೇರೆ ಯಾರದೂ ನೆನಪಿಲ್ಲ, ಇವನದೊಂದೇ ನೆನಪಿದೆಯೇ ಎಂದಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಇಡೀ ಜೀವಮಾನ ಒಂದು ಅಂಕಿ ತಿದ್ದದ ಮನುಷ್ಯ, ಮುಪ್ಪಿನಲ್ಲಿ ನೆನಪು ಕೆಟ್ಟವರಂತೆ, ಯಾರದೋ ಮಾತಿಗೆ ಬಂದು ನಿಂತವರಂತೆ ಕಂಡರು.

ಆಮೇಲೆ ನನ್ನನ್ನು ಕರೆದರು. ಸತ್ತ ಹುಡುಗ ನಿಮಗೇನಾಗಬೇಕು ಎಂದು ಆ ಕಡೆಯ ವಕೀಲರು ಕೇಳಿದರು, ಹೇಳಿದೆ. ತಾರೀಖನ್ನು ಯಾವ ಆಧಾರದ ಮೇಲೆ ಬರೆದಿರಿ ಎಂದು ಕೇಳಿದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ಹಾಗಲ್ಲ. ಉತ್ತರ ಗೊತ್ತಿರುವ ಮಗುವನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಮೇಷ್ಟ್ರು ನೋಡುವ ಹಾಗೆ.

ತಾಯಿ ಅಂಗನವಾಡಿಯಿಂದ ಒಂದು ಚೀಟಿ ತಂದಿದ್ದಳು, ಅದನ್ನು ನೋಡಿ ಬರೆದೆ, ಚೀಟಿಯನ್ನು ಆಗಲೇ ವಾಪಸು ಕೊಟ್ಟೆ ಎಂದೆ.

ಗೋಡೆಯ ಪಕ್ಕ ನಿಂತಿದ್ದ ಹುಡುಗನ ತಾಯಿ ಮುಂದೆ ಬಂದಳು. ಕೂಗಲಿಲ್ಲ. “ನಾನು ಚೀಟಿ ಎಲ್ಲಿ ತಂದೆ ಮೇಡಂ?” ಎಂದು ಕೇಳಿದಳು. ತನಗೇ ಮರೆತುಹೋಗಿದೆಯೇನೋ ಎನ್ನುವ ಹಾಗೆ ಕೇಳಿದಳು. ಅವಳನ್ನು ಸುಮ್ಮನಿರಿಸಿದರು.

ದಾಖಲೆ ಇರುವಾಗ ವಯಸ್ಸು ತಿಳಿಯುವ ಎಲುಬಿನ ಪರೀಕ್ಷೆ ಬೇಡವೆಂದಾಯಿತು. ರಿಜಿಸ್ಟರು ನಿಂತಿತು. ಹೊರಗೆ ಬಂದಾಗ ಮೇಷ್ಟ್ರು ಜಗುಲಿಯಲ್ಲಿದ್ದರು. ಅವರು ಬಯ್ಯಲಿ ಎಂದು ನಾನು ಕಾದೆ. ಬಯ್ದರೆ ತಿರುಗಿ ಹೇಳಲು ಮಾತು ಸಿದ್ಧ ಮಾಡಿಕೊಂಡಿದ್ದೆ. “ಬಸ್ಸಿಗೆ ಹೊತ್ತಾಗುತ್ತೆ ಮೇಡಂ, ಹೊರಡ್ರಿ,” ಎಂದರು, ಅಷ್ಟೇ.

ಪ್ರಕರಣ ದೊಡ್ಡವರ ಹಾಗೆಯೇ ನಡೆಯಿತು. ಎರಡು ವರ್ಷ ಕಳೆದ ಮೇಲೆ ತೀರ್ಪು ಬಂತು. ಜೀವಾವಧಿ. ಇಪ್ಪತ್ತೊಂದು ತುಂಬುವ ತನಕ ಹುಡುಗರನ್ನಿಡುವ ಜಾಗದಲ್ಲಿ, ಅಲ್ಲಿಂದ ಮುಂದೆ ದೊಡ್ಡ ಜೈಲಿಗೆ. ಆ ಇಪ್ಪತ್ತೊಂದನ್ನೂ ನಾನು ಬರೆದ ತಾರೀಖಿನಿಂದಲೇ ಎಣಿಸುತ್ತಾರೆ. ಒಂದು ವರ್ಷ ಐದು ತಿಂಗಳು ಮೊದಲೇ ಅವನು ಅಲ್ಲಿಗೆ ಹೋಗುತ್ತಾನೆ. ಇದು ನನಗೆ ಹೊಳೆದದ್ದು ತೀರ್ಪಿನ ದಿನ, ಹೊನ್ನಾಳಿಯ ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದಾಗ.

ತಂಗಿ ಆ ದಿನ ಮನೆಗೆ ಬಂದು ಮಲಗಿದವಳು ಎರಡು ದಿನ ಏಳಲಿಲ್ಲ. ಮೂರನೇ ದಿನ ಗಂಜಿ ಕುಡಿಸುವಾಗ, “ಕೇಳಿದ್ದು ಸಿಕ್ತಲ್ಲಕ್ಕ. ಇನ್ನ ಏನ್ ಕೇಳ್ಲಿ?” ಎಂದಳು. ತೀರ್ಪಿಗಾಗಿ ಓಡಾಡುತ್ತಿದ್ದಷ್ಟು ದಿನ ಅವಳಿಗೆ ಬೆಳಿಗ್ಗೆ ಏಳಲು ಒಂದು ಕಾರಣವಿತ್ತು. ಈಗ ಅದೂ ಇಲ್ಲ. ಮಗನ ಬೈಕನ್ನು ಮಾರಲಿಲ್ಲ. ಅಂಗಡಿಯ ಹಿಂದೆ ಗೊಬ್ಬರದ ಚೀಲಗಳ ನಡುವೆ ನಿಂತಿದೆ.

ಮೇಷ್ಟ್ರಿಗೆ ಚನ್ನಗಿರಿಯಲ್ಲಿ ‘ಕೊಲೆಗಾರನ ಸಾಕ್ಷಿ’ ಎಂದು ಹೆಸರು ಬಿತ್ತು. ಆ ಕಡೆಯವರಿಂದ ತಿಂದಿದ್ದಾನೆ ಎಂದು ನಮ್ಮ ಬೀಗರೊಬ್ಬರು ನನ್ನೆದುರೇ ಹೇಳಿದರು. ಆ ಕಡೆಯವರೆಂದರೆ ಯಾರು, ಒಬ್ಬ ಕುರಿ ಕಾಯುವ ಹೆಂಗಸು. ನಾನು ಇಲ್ಲವೆನ್ನಲಿಲ್ಲ. ನಿವೃತ್ತ ಶಿಕ್ಷಕರ ಸಭೆಗಳಲ್ಲಿ ಅವರನ್ನು ವೇದಿಕೆಗೆ ಕರೆಯುವುದು ನಿಂತಿತು. ಪತ್ರಿಕೆಗೆ ಬರೆಯುವುದನ್ನು ಅವರೇ ಬಿಟ್ಟರು. ಅದರ ಬದಲು ಇಲಾಖೆಗೆ ಒಂದು ಅರ್ಜಿ ಬರೆದರು: ತಾನು ಸುಳ್ಳು ದಾಖಲೆ ಮಾಡಿಸಿದ್ದೇನೆ, ತನ್ನ ಮೇಲೆ ಕ್ರಮ ತೆಗೆದುಕೊಳ್ಳಬೇಕು. ಮಾಹಿತಿಗಾಗಿ ಎಂದು ನನಗೂ ಒಂದು ಪ್ರತಿ ಅಂಚೆಯಲ್ಲಿ ಬಂತು. ಎರಡು ಪುಟದ ಅರ್ಜಿಯಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಅದಕ್ಕೆ ಉತ್ತರ ಬಂದ ಹಾಗೆ ಕಾಣೆ.

ಹುಡುಗನನ್ನು ಇಟ್ಟಿದ್ದ ಊರು ದೂರ. ತಾಯಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಎರಡು ತಿಂಗಳಿಗೊಮ್ಮೆ ಮೇಷ್ಟ್ರು ಚನ್ನಗಿರಿಯಿಂದ ದಾವಣಗೆರೆಗೆ ಬರುತ್ತಿದ್ದರು, ಅವಳು ಬಿಳಿಚೋಡಿನಿಂದ ಬರುತ್ತಿದ್ದಳು, ಅಲ್ಲಿಂದ ಇಬ್ಬರೂ ಹೋಗುತ್ತಿದ್ದರು. ನೆಂಟರಲ್ಲದ ಇವರನ್ನು ಒಳಗೆ ಬಿಡುತ್ತಿರಲಿಲ್ಲ. ಅವಳು ಮಗನನ್ನು ನೋಡಿ ಬರುವ ತನಕ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿರುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ನಮ್ಮ ಹಳೆಯ ಶಾಲೆಯ ಅಡುಗೆಯವಳು. ಅಲ್ಲಿ ಕೂತು ಅವರು ಏನು ಯೋಚಿಸುತ್ತಿದ್ದರೆಂದು ನಾನು ಎಷ್ಟೋ ಸಲ ಊಹಿಸಲು ನೋಡಿದ್ದೇನೆ. ಮೂರು ಸಲ ಹೊಡೆದವನು ಅವನು. ಬಿದ್ದವನ ಮೇಲೆ ಎರಡು ಸಲ. ಅದನ್ನು ಅವರು ಮರೆತಿದ್ದರೇ? ಮರೆತಿರಲಿಕ್ಕಿಲ್ಲ. ಮರೆಯದೆಯೂ ಹೋಗಿ ಕೂರುತ್ತಿದ್ದರಲ್ಲ ಎನ್ನುವುದೇ ನನಗೆ ಸಹಿಸಲಾಗದ್ದು.

ಮೂರು ವರ್ಷ ಒಂದು ಜೀವಕ್ಕೆ ಸಾಕೇ ಎಂದು ಕೇಳಿದರೆ ಸಾಲದು ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಹದಿನೈದು ತುಂಬದವನಿಗೆ ಜೀವಾವಧಿ ಸರಿಯೇ ಎಂದು ಕೇಳಿದರೆ ಮಾತು ಹೊರಡುವುದಿಲ್ಲ. ಮೇಲಿನ ಕೋರ್ಟಿನಲ್ಲಿ ಅಪೀಲು ಇನ್ನೂ ಇದೆ. ನಾನು ಈಗ ಹೋಗಿ ಚೀಟಿ ಇರಲಿಲ್ಲ ಎಂದರೆ ಕೇಳುತ್ತಾರೋ ಇಲ್ಲವೋ, ನನ್ನ ನೌಕರಿಯಂತೂ ಉಳಿಯುವುದಿಲ್ಲ. ಅದಕ್ಕೆ ಹೆದರಿ ಸುಮ್ಮನಿದ್ದೇನೆ ಎಂದುಕೊಳ್ಳುವುದು ನನಗೆ ಅನುಕೂಲ. ನಿಜವಾಗಿ ಹೆದರುವುದು ತಂಗಿಗೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಉಂಡೆಯಾ ಎಂದು ಕೇಳುತ್ತಾಳೆ, ಇಟ್ಟುಬಿಡುತ್ತಾಳೆ.

ಮೇಷ್ಟ್ರ ಮಣ್ಣಿಗೆ ಹೋಗ್ಲೋ ಬೇಡ್ವೋ ಎಂದು ಯೋಚಿಸುತ್ತಲೇ ಚನ್ನಗಿರಿಯ ಬಸ್ಸು ಹತ್ತಿದ್ದೆ. ಹೋದಾಗ ಮಧ್ಯಾಹ್ನ. ನಡುಮನೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಜನ ಅಷ್ಟಾಗಿ ಇರಲಿಲ್ಲ. ಕೈಮುಗಿದು ಹಿಂದೆ ಸರಿದೆ. ಹೆಂಗಸರು ಕೂತ ಕಡೆ, ಬಾಗಿಲ ಹತ್ತಿರದ ಮೂಲೆಯಲ್ಲಿ ಆ ಹುಡುಗನ ತಾಯಿ ಕೂತಿದ್ದಳು. ಬಿಳಿಚೋಡಿನಿಂದ ಒಬ್ಬಳೇ ಬಂದಿದ್ದಳು. ಬೋರ್ಡು ಓದಲು ಬಾರದವಳು ಯಾರ ಯಾರನ್ನು ಕೇಳಿಕೊಂಡು ಬಂದಳೋ. ನನ್ನನ್ನು ಕಂಡು ಗುರುತು ಹಿಡಿದಳು. ಬೇರೆಲ್ಲೂ ಕೂರುವ ಜಾಗವಿರಲಿಲ್ಲ. ನಾನು ಅವಳ ಪಕ್ಕದಲ್ಲಿ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೇಷ್ಟ್ರ ಕಡೆಗೇ ನೋಡುತ್ತಾ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

“ಸಾ ಹೇಳಿದ್ರು ಮೇಡಂ, ನಿಮ್ಮ ಮ್ಯಾಲೆ ಸಿಟ್ಟು ಇಟ್ಕಾಬ್ಯಾಡ ಅಂತ. ಹೋದಾಗೆಲ್ಲ ಹೇಳ್ತಿದ್ರು. ನಾನು ಇಟ್ಕಂಡೀನಿ.”

ಹೇಳಿ ಸೆರಗನ್ನು ಎಳೆದುಕೊಂಡು, ಗೋಡೆಯ ಕಡೆ ಒತ್ತರಿಸಿ, ನನಗೆ ಕೂರಲು ಜಾಗ ಮಾಡಿದಳು. ನಾನು ಕೂತೆ. ಮೇಷ್ಟ್ರನ್ನು ಎತ್ತಿಕೊಂಡು ಹೋಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.